ಗರ್ಭಿಣಿಗೆ ಹಲ್ಲುನೋವು: ‘ಹೆರಿಗೆ ಆಗಲಿ, ಆಮೇಲೆ ಬನ್ನಿ’ ಎಂದರೆ ಏನು ಮಾಡಬೇಕು?

ಗರ್ಭಿಣಿಗೆ ಹಲ್ಲುನೋವು ಬಂದರೆ ಮನೆಯವರು ಸಾಮಾನ್ಯವಾಗಿ ಹೇಳುವ ಮಾತು ‘ಈಗ ಬೇಡ, ಹೆರಿಗೆ ಆಗಲಿ’. ಕೆಲವು ದಂತ ಕ್ಲಿನಿಕ್‌ಗಳಲ್ಲೂ ಇದೇ ಉತ್ತರ ಸಿಗುತ್ತದೆ. ಇನ್ನು ಕೆಲವರು ‘ಮೊದಲು ಗೈನಕಾಲಜಿಸ್ಟ್ ಹತ್ತಿರ ಬರೆಸಿಕೊಂಡು ಬನ್ನಿ’ ಎಂದು ವಾಪಸ್ ಕಳಿಸುತ್ತಾರೆ. ಅಲ್ಲಿಗೆ ಹೋದರೆ ರಕ್ತ, ಬಿಪಿ, ಸ್ಕ್ಯಾನ್ ಎಲ್ಲ ನೋಡುತ್ತಾರೆ, ಬಾಯಿ ಮಾತ್ರ ನೋಡುವುದಿಲ್ಲ. ಹೀಗೆ ಇಬ್ಬರ ನಡುವೆ ಓಡಾಡುವಷ್ಟರಲ್ಲಿ, ಒಂದು ಫಿಲ್ಲಿಂಗ್‌ನಲ್ಲಿ ಮುಗಿಯಬೇಕಾಗಿದ್ದ ಹುಳುಕು ಬೇರಿನವರೆಗೆ ಇಳಿದಿರುತ್ತದೆ.

ಹೀಗೆ ಮುಂದೂಡುವುದಕ್ಕೆ ವೈದ್ಯಕೀಯ ಆಧಾರವಿಲ್ಲ. ಗರ್ಭಾವಸ್ಥೆಯಲ್ಲಿ ಹಲ್ಲು ಕ್ಲೀನ್ ಮಾಡಿಸುವುದು, ಅಗತ್ಯವಿದ್ದರೆ ಎಕ್ಸ್-ರೇ ತೆಗೆಸುವುದು ಸುರಕ್ಷಿತ ಎಂದು ಅಮೆರಿಕದ ಪ್ರಸೂತಿ ತಜ್ಞರ ಸಂಘ 2013ರಲ್ಲೇ ಹೇಳಿದೆ. ಫಿಲ್ಲಿಂಗ್, ರೂಟ್ ಕೆನಾಲ್, ಹಲ್ಲು ಕೀಳಿಸುವುದನ್ನೂ ಅಗತ್ಯವಿದ್ದಾಗ ಮಾಡಿಸಬಹುದು.

ಅಲ್ಲದೆ ‘ಹೆರಿಗೆ ಆದ ಮೇಲೆ’ ಎಂಬುದು ನಿಜವಾಗಿ ಯಾವಾಗ ಬರುತ್ತದೆ? ಬಾಣಂತನದಲ್ಲಿ ಮನೆಯಿಂದ ಹೊರಗೆ ಕಳಿಸುವುದಿಲ್ಲ. ಆಮೇಲೆ ಎರಡು ಮೂರು ಗಂಟೆಗೊಮ್ಮೆ ಹಾಲು ಕೊಡಬೇಕು, ಮಗುವನ್ನು ನೋಡಿಕೊಳ್ಳುವವರು ಬೇಕು. ಹಾಗೆ ಮುಂದಕ್ಕೆ ಹೋದ ಹಲ್ಲು ಒಂದು ವರ್ಷ ಕಾಯುತ್ತದೆ.

ವಸಡಿನಿಂದ ರಕ್ತ ಬರುವುದೇಕೆ?

ಗರ್ಭಾವಸ್ಥೆಯ ಹಾರ್ಮೋನುಗಳಿಂದಾಗಿ ವಸಡು ಸ್ವಲ್ಪ ಕೊಳೆಗೂ ಊದಿಕೊಳ್ಳುತ್ತದೆ, ಹಲ್ಲುಜ್ಜುವಾಗ ರಕ್ತ ಬರುತ್ತದೆ. ರಕ್ತ ನೋಡಿ ಹೆದರಿ ಉಜ್ಜುವುದನ್ನು ಬಿಟ್ಟರೆ ಊತ ಇನ್ನೂ ಹೆಚ್ಚುತ್ತದೆ. ಮೆತ್ತನೆಯ ಬ್ರಷ್‌ನಲ್ಲಿ ದಿನಕ್ಕೆರಡು ಬಾರಿ ಉಜ್ಜಿ. ಕೆಲವರಿಗೆ ಎರಡು ಹಲ್ಲುಗಳ ನಡುವೆ ಕೆಂಪು ಗಂಟು ಬೆಳೆಯುತ್ತದೆ. ಇದು ಕ್ಯಾನ್ಸರ್ ಅಲ್ಲ, ಹೆಚ್ಚಿನವರಲ್ಲಿ ಹೆರಿಗೆಯ ನಂತರ ತಾನೇ ಕುಗ್ಗುತ್ತದೆ. ಆದರೂ ಒಮ್ಮೆ ತೋರಿಸಿ.

ವಾಂತಿಯಾದ ಕೂಡಲೇ ಹಲ್ಲುಜ್ಜಬೇಡಿ. ಹೊಟ್ಟೆಯ ಆಮ್ಲದಿಂದ ಮೆತ್ತಗಾದ ಹಲ್ಲಿನ ಹೊರಪದರ ಬ್ರಷ್‌ಗೆ ಸವೆಯುತ್ತದೆ. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕದಡಿ ಬಾಯಿ ಮುಕ್ಕಳಿಸಿ, ಅರ್ಧ ಗಂಟೆಯ ನಂತರ ಉಜ್ಜಿ.

‘ಮಗು ತಾಯಿಯ ಹಲ್ಲಿನಿಂದ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ’ ಎಂಬ ಮಾತು ನಿಜವಲ್ಲ. ಹಲ್ಲು ಹಾಳಾಗಲು ವಾಂತಿ, ಆಗಾಗ ತಿನ್ನುವ ಸಿಹಿ ಮತ್ತು ಸರಿಯಾಗಿ ಉಜ್ಜದಿರುವುದು ಕಾರಣ.

ವಸಡಿನ ರೋಗಕ್ಕೂ ದಿನ ತುಂಬುವ ಮೊದಲೇ ಆಗುವ ಹೆರಿಗೆಗೂ ನಂಟು ಇರುವುದನ್ನು ಹಲವು ಅಧ್ಯಯನಗಳು ಗುರುತಿಸಿವೆ. ಹಾಗೆಂದು ಹಲ್ಲು ಕ್ಲೀನ್ ಮಾಡಿಸಿದರೆ ಅವಧಿಪೂರ್ವ ಹೆರಿಗೆ ತಪ್ಪುತ್ತದೆ ಎಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ, ದೊಡ್ಡ ಪ್ರಯೋಗಗಳಲ್ಲಿ ಅದು ಸಾಬೀತಾಗಿಲ್ಲ. ಚಿಕಿತ್ಸೆಯಿಂದ ಮಗುವಿಗೆ ತೊಂದರೆಯಾಗಲಿಲ್ಲ ಎಂಬುದು ಅದೇ ಪ್ರಯೋಗಗಳಿಂದ ತಿಳಿದಿದೆ.

ಇಂಜೆಕ್ಷನ್, ಎಕ್ಸ್-ರೇ ಭಯ

ಹಲ್ಲು ಮರಗಟ್ಟಿಸಲು ಕೊಡುವ ಲಿಗ್ನೋಕೇನ್ ಗರ್ಭಿಣಿಯರಿಗೆ ಕೊಡಬಹುದಾದ ಔಷಧ. ಒಂದು ಹಲ್ಲಿನ ಎಕ್ಸ್-ರೇ ದವಡೆಯ ಮೇಲಷ್ಟೇ ಬೀಳುತ್ತದೆ, ಗರ್ಭಕ್ಕೆ ತಲುಪುವ ವಿಕಿರಣ ಇಲ್ಲವೆನ್ನುವಷ್ಟು ಕಡಿಮೆ. ಹಳೆಯ ಬೆಳ್ಳಿ ಬಣ್ಣದ ಫಿಲ್ಲಿಂಗ್ ಗಟ್ಟಿಯಾಗಿದ್ದರೆ ಅದನ್ನು ಈಗ ತೆಗೆಸಬೇಡಿ. ಅದರಲ್ಲಿ ಪಾದರಸ ಇರುವುದರಿಂದ ಹೊಸದಾಗಿ ಹಾಕಿಸುವುದೂ ಬೇಡ, ಹಲ್ಲಿನ ಬಣ್ಣದ ಫಿಲ್ಲಿಂಗ್ ಕೇಳಿ. ಐದು ತಿಂಗಳು ದಾಟಿದ ಮೇಲೆ ಕುರ್ಚಿಯಲ್ಲಿ ಪೂರ್ತಿ ಅಂಗಾತ ಮಲಗಿದರೆ ತಲೆ ಸುತ್ತಬಹುದು. ಬಲ ಸೊಂಟದ ಕೆಳಗೆ ದಿಂಬು ಇಟ್ಟು ಸ್ವಲ್ಪ ಎಡಕ್ಕೆ ವಾಲಿಸಿ ಮಲಗಿಸುವಂತೆ ಹೇಳಿ.

ನಿಜವಾದ ಅಪಾಯ ಮೆಡಿಕಲ್ ಶಾಪಿನಲ್ಲಿ

ಚಿಕಿತ್ಸೆ ಸಿಗದವರು ಕೊನೆಗೆ ಹೋಗುವುದು ಮೆಡಿಕಲ್ ಶಾಪಿಗೆ. ಹಲ್ಲುನೋವು ಎಂದರೆ ಅಲ್ಲಿ ಕೊಡುವುದು ಹೆಚ್ಚಾಗಿ ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್ ಅಥವಾ ಕೆಟೊರೊಲ್ಯಾಕ್. ಇವು 20 ವಾರದ ನಂತರ ಮಗುವಿನ ಮೂತ್ರಪಿಂಡದ ಮೇಲೆ ಪರಿಣಾಮ ಬೀರಿ ಗರ್ಭದ ನೀರನ್ನು ಕಡಿಮೆ ಮಾಡಬಹುದು. ಕೊನೆಯ ಮೂರು ತಿಂಗಳಲ್ಲಿ, ಹುಟ್ಟಿದ ಮೇಲೆ ಮುಚ್ಚಬೇಕಾದ ಹೃದಯದ ಬಳಿಯ ರಕ್ತನಾಳ ಮೊದಲೇ ಮುಚ್ಚಿಕೊಳ್ಳುವ ಅಪಾಯವೂ ಇದೆ.

ಪಟ್ಟಿಯ ಮೇಲೆ ‘ಪ್ಯಾರಾಸಿಟಮಾಲ್’ ಎಂದು ಕಂಡ ಮಾತ್ರಕ್ಕೆ ನಿಶ್ಚಿಂತರಾಗಬೇಡಿ. ನಮ್ಮಲ್ಲಿ ಮಾರುವ ಅನೇಕ ನೋವಿನ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಜೊತೆ ಮೇಲೆ ಹೇಳಿದ ಔಷಧಗಳಲ್ಲೊಂದು ಬೆರೆತಿರುತ್ತದೆ. ಬೇಕಾಗಿರುವುದು ಬರೀ ಪ್ಯಾರಾಸಿಟಮಾಲ್, ಅದೂ ವೈದ್ಯರು ಹೇಳಿದ ಪ್ರಮಾಣದಲ್ಲಿ. ಕೀವಿದ್ದರೆ ಅಮಾಕ್ಸಿಸಿಲಿನ್‌ನಂಥ ಆಂಟಿಬಯಾಟಿಕ್ ಅನ್ನು ವೈದ್ಯರು ಬರೆಯಬಹುದು (ಪೆನಿಸಿಲಿನ್ ಅಲರ್ಜಿ ಇದ್ದರೆ ಮೊದಲೇ ಹೇಳಿ). ಟೆಟ್ರಾಸೈಕ್ಲಿನ್, ಡಾಕ್ಸಿಸೈಕ್ಲಿನ್ ಬೇಡ, ಅವು ಮಗುವಿನ ಹಲ್ಲಿನ ಬಣ್ಣ ಕೆಡಿಸುತ್ತವೆ. ಆಂಟಿಬಯಾಟಿಕ್‌ನಿಂದ ನೋವು ಇಳಿದರೂ ಹುಳುಕು ಅಲ್ಲೇ ಇರುತ್ತದೆ.

ಮುಂಬೈ, ಪುಣೆ ಕಡೆ ಕೆಲವು ಹೆಂಗಸರು ಹಲ್ಲಿಗೆ ಮಿಶ್ರಿ ತಿಕ್ಕುತ್ತಾರೆ. ಅದು ಸುಟ್ಟ ತಂಬಾಕು. ಅದರ ನಿಕೋಟಿನ್ ಮಗುವಿಗೂ ತಲುಪುತ್ತದೆ.

ತವರಿಗೆ ಹೊರಡುವ ಮುನ್ನ

ಹಲ್ಲಿನ ಕೆಲಸಕ್ಕೆ ಅನುಕೂಲವಾದ ಕಾಲ ನಾಲ್ಕರಿಂದ ಆರನೇ ತಿಂಗಳು. ವಾಂತಿ ಕಡಿಮೆಯಾಗಿರುತ್ತದೆ, ಹೊಟ್ಟೆ ಇನ್ನೂ ಭಾರವಾಗಿರುವುದಿಲ್ಲ. ಹೊರ ಊರಿನ ಕನ್ನಡಿಗರಿಗೆ ಇಲ್ಲೊಂದು ತೊಡಕಿದೆ. ಸೀಮಂತ ಮುಗಿಸಿ ಏಳು ಅಥವಾ ಒಂಬತ್ತನೇ ತಿಂಗಳಿಗೆ ಮಗಳು ತವರಿಗೆ ಹೊರಡುತ್ತಾಳೆ. ಮುಂಬೈಯಲ್ಲಿ ಶುರುವಾದ ರೂಟ್ ಕೆನಾಲ್ ಹುಬ್ಬಳ್ಳಿಯಲ್ಲಿ ಅರ್ಧಕ್ಕೆ ನಿಲ್ಲುತ್ತದೆ. ಆದ್ದರಿಂದ ಪ್ರಯಾಣದ ದಿನಾಂಕವನ್ನು ದಂತವೈದ್ಯರಿಗೆ ಮೊದಲ ದಿನವೇ ಹೇಳಿ, ಎಷ್ಟು ಸಿಟ್ಟಿಂಗ್ ಬೇಕೆಂದು ಕೇಳಿ. ಮುಗಿಯದಿದ್ದರೆ ಎಕ್ಸ್-ರೇ, ಕೊಟ್ಟ ಔಷಧಗಳ ಚೀಟಿಯನ್ನು ತಾಯಿ ಕಾರ್ಡಿನ ಜೊತೆ ಇಟ್ಟುಕೊಳ್ಳಿ. ನೋವು, ಕೀವು ಇದ್ದರೆ ಮಾತ್ರ ತಿಂಗಳು ಎಣಿಸುತ್ತಾ ಕೂರಬೇಡಿ, ಚಿಕಿತ್ಸೆಯನ್ನು ಯಾವ ತಿಂಗಳಲ್ಲಾದರೂ ಮಾಡಿಸಬೇಕು.

ಎಲ್ಲಿಗೆ ಹೋಗುವುದು?

ಆರೋಗ್ಯ ವಿಮೆಗಳಲ್ಲಿ ಸಾಮಾನ್ಯವಾಗಿ ಹಲ್ಲಿನ ಒಪಿಡಿ ಖರ್ಚು ಸೇರಿರುವುದಿಲ್ಲ. ಹೆರಿಗೆ ಖರ್ಚು ಸೇರಿದೆ ಎಂದ ಮಾತ್ರಕ್ಕೆ ಹಲ್ಲೂ ಸೇರಿದೆ ಎಂದುಕೊಳ್ಳಬೇಡಿ. ಇಎಸ್‌ಐ ಅಥವಾ ಸಿಜಿಎಚ್‌ಎಸ್ ಕಾರ್ಡ್ ಇದ್ದವರು ಅಲ್ಲಿಯ ದಂತ ವಿಭಾಗದಲ್ಲಿ ಕೇಳಿ. ಉಳಿದವರಿಗೆ ಕಡಿಮೆ ಖರ್ಚಿನ ದಾರಿ ದಂತ ಕಾಲೇಜುಗಳ ಒಪಿಡಿ: ಮುಂಬೈಯ ಸರ್ಕಾರಿ ದಂತ ಕಾಲೇಜು ಮತ್ತು ನಾಯರ್ ದಂತ ಕಾಲೇಜು, ದೆಹಲಿಯ ಮೌಲಾನಾ ಆಜಾದ್ ದಂತ ವಿಜ್ಞಾನ ಸಂಸ್ಥೆ, ಚೆನ್ನೈ ಮತ್ತು ಹೈದರಾಬಾದ್‌ನ ಸರ್ಕಾರಿ ದಂತ ಕಾಲೇಜುಗಳು, ಪುಣೆಯಲ್ಲಿ ಭಾರತಿ ವಿದ್ಯಾಪೀಠದಂಥ ಖಾಸಗಿ ಕಾಲೇಜುಗಳು. ಸಾಲು ಉದ್ದವಿರುತ್ತದೆ, ಬೆಳಿಗ್ಗೆ ಬೇಗ ಹೋಗಿ, ಗರ್ಭಿಣಿ ಎಂದು ಕೌಂಟರಿನಲ್ಲೇ ಹೇಳಿ.

ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳ 9ರಂದು ನಡೆಯುವ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ಉಚಿತ ತಪಾಸಣೆಗೆ ಹೋಗುವವರು ‘ನನ್ನ ಹಲ್ಲೂ ನೋಡಿ, ದಂತ ವಿಭಾಗಕ್ಕೆ ಬರೆದುಕೊಡಿ’ ಎಂದು ಕೇಳಿ. ಖಾಸಗಿ ಗೈನಕಾಲಜಿಸ್ಟ್ ಬಳಿ ಹೋಗುವವರೂ ಮೊದಲ ಭೇಟಿಯಲ್ಲೇ ‘ಹಲ್ಲಿನ ಚಿಕಿತ್ಸೆ, ಮರಗಟ್ಟಿಸುವ ಇಂಜೆಕ್ಷನ್ ಕೊಡಬಹುದು’ ಎಂದು ಎರಡು ಸಾಲು ಬರೆಸಿಕೊಂಡರೆ ಮುಂದಿನ ಅಲೆದಾಟ ತಪ್ಪುತ್ತದೆ. ಬಿಪಿ, ಸಕ್ಕರೆ, ರಕ್ತ ತೆಳುವಾಗುವ ಇಂಜೆಕ್ಷನ್ ಇದ್ದರೆ ಅದನ್ನೂ ಅದರಲ್ಲೇ ಬರೆಸಿ.

ಮುಖ ಅಥವಾ ಕುತ್ತಿಗೆ ಊದಿದರೆ, ಜ್ವರ ಬಂದರೆ, ಬಾಯಿ ತೆರೆಯಲು, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಕ್ಲಿನಿಕ್ ತೆರೆಯುವವರೆಗೆ ಕಾಯಬೇಡಿ. ರಾತ್ರಿಯಾದರೂ ಸರಿ, ಪ್ರಸೂತಿ ವಿಭಾಗವಿರುವ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.