ಅಸಹ್ಯ ಮತ್ತು ನ್ಯಾಯ: ಕುಷ್ಠರೋಗದ ಇತಿಹಾಸದಿಂದ ಒಂದು ಪಾಠ

ಕೀವು, ಹುಣ್ಣು, ಕೊಳೆತ ಆಹಾರ ಇವುಗಳ ಮುಂದೆ ಮನುಷ್ಯನು ಯೋಚಿಸುವ ಮೊದಲೇ ಹಿಂದೆ ಸರಿಯುತ್ತಾನೆ. ಮನೋವಿಜ್ಞಾನಿ ಮಾರ್ಕ್ ಷಾಲರ್ ಇದನ್ನು ವರ್ತನೆಯ ರೋಗರಕ್ಷಣಾ ವ್ಯವಸ್ಥೆ ಎಂದು ಕರೆದಿದ್ದಾರೆ. ಸೋಂಕು ಹತ್ತಿರ ಬಾರದಂತೆ ನೋಡಿಕೊಳ್ಳುವುದು ಇದರ ಕೆಲಸ. ಆದರೆ ಈ ಪ್ರವೃತ್ತಿಗೆ ವಿವೇಚನೆ ಕಡಿಮೆ. ಅಂಟದ ಕಲೆಯನ್ನೂ ವಾಸಿಯಾದ ಗಾಯವನ್ನೂ ಅದು ಅಪಾಯವೆಂದೇ ಎಣಿಸುತ್ತದೆ. ರೋಗವನ್ನು ದೂರವಿಡಲು ಹೊರಟ ಸಮಾಜವು ರೋಗಿಯನ್ನೇ ದೂರವಿಡುವುದು ಹೀಗೆ.

ಯಾಜಕಕಾಂಡದ 13 ಮತ್ತು 14ನೆಯ ಅಧ್ಯಾಯಗಳು ಈ ಪ್ರವೃತ್ತಿಗೆ ನಿಯಮದ ಕಟ್ಟು ಹಾಕಿದವು. ತೀರ್ಮಾನಿಸಬೇಕಾದುದು ಜನರ ಭಯವಲ್ಲ, ಯಾಜಕನ ಪರೀಕ್ಷೆ. ಸಂಶಯವಿದ್ದಲ್ಲಿ ಏಳು ದಿನ ಕಾಯಬೇಕು. ಗುಣವಾದವನಿಗೆ ಮರಳುವ ದಾರಿಯಿರಬೇಕು. ಪಾಳೆಯದ ಹೊರಗಿನ ವಾಸ ಮಾತ್ರ ತಪ್ಪಲಿಲ್ಲ. ಪ್ರಭು ಯೇಸು ರೋಗಿಯನ್ನು ಮುಟ್ಟಿ ಗುಣಪಡಿಸಿದರು. ಯಾಜಕನ ಬಳಿಗೂ ಕಳುಹಿಸಿದರು (ಮಾರ್ಕ 1:40-45). ಸ್ಪರ್ಶ, ನಿಯಮ ಎರಡೂ ಅಲ್ಲಿ ಜೊತೆಯಾಗಿವೆ.

ಮಧ್ಯಯುಗದ ಧರ್ಮಸಭೆಯು ಈ ಎರಡರ ನಡುವೆ ತೂಗಾಡಿದುದನ್ನು ಕಾಣುತ್ತೇವೆ. ಕುಷ್ಠರೋಗಿಗಳು ತಮ್ಮದೇ ಚರ್ಚು, ಸ್ಮಶಾನ ಮತ್ತು ಗುರುವನ್ನು ಹೊಂದುವುದಕ್ಕೆ ಅಡ್ಡಿಯಾಗುತ್ತಿದ್ದ ಧರ್ಮಾಧಿಕಾರಿಗಳನ್ನು 1179ರ ಮೂರನೆಯ ಲ್ಯಾಟರನ್ ಮಹಾಸಭೆ ಖಂಡಿಸಿತು. ಅದು ಪ್ರತ್ಯೇಕತೆಯನ್ನು ಪ್ರಶ್ನಿಸಲಿಲ್ಲ. ಆದರೆ ಸಂಸ್ಕಾರಗಳಿಂದ ಅವರು ವಂಚಿತರಾಗದಂತೆ ನೋಡಿಕೊಂಡಿತು. ಆ ಮಹಾಸಭೆಯನ್ನು ಕರೆದ ಪೋಪ್ ಮೂರನೆಯ ಅಲೆಕ್ಸಾಂಡರ್, ಕುಷ್ಠದ ಕಾರಣಕ್ಕೆ ವಿವಾಹಬಂಧನ ಕಡಿಯದೆಂದೂ ವಿಧಿಸಿದರು. ಆದರೂ 1321ರಲ್ಲಿ, ಬಾವಿಗಳಿಗೆ ವಿಷ ಬೆರೆಸಿದರೆಂಬ ಸುಳ್ಳು ಆರೋಪದ ಮೇಲೆ ಫ್ರಾನ್ಸಿನಲ್ಲಿ ಕುಷ್ಠರೋಗಿಗಳನ್ನು ಸುಡಲಾಯಿತು. ಸುಟ್ಟವರು ಕ್ರೈಸ್ತರೇ. ಅಸಹ್ಯವು ಆರೋಪದ ವೇಷ ತೊಟ್ಟಾಗ ಕಟ್ಟಳೆಗಳು ಕೈಸೋತವು.

1873ರಲ್ಲಿ ನಾರ್ವೆಯ ಹ್ಯಾನ್ಸನ್ ಈ ರೋಗಾಣುವನ್ನು ಗುರುತಿಸಿದರು; ಅದೇ ವರ್ಷ ಫಾದರ್ ಡೇಮಿಯನ್ ಮೊಲೊಕೈ ದ್ವೀಪದ ರೋಗಿಗಳ ಬಳಿಗೆ ಹೋದರು. 1890ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಯೇಸುಸಭೆಯ ಫಾದರ್ ಅಗಸ್ಟಸ್ ಮುಲ್ಲರ್ ಕುಷ್ಠರೋಗಿಗಳಿಗೆ ಆಶ್ರಯಧಾಮ ತೆರೆದರು. 1980ರ ದಶಕದಿಂದ ಬಹುಔಷಧ ಚಿಕಿತ್ಸೆಯು ರೋಗವನ್ನು ಪೂರ್ಣವಾಗಿ ಗುಣಪಡಿಸುತ್ತಿದೆ. ಹೀಗಿದ್ದೂ ಭಾರತದ ಕ್ರೈಸ್ತರಿಗೆ ಅನ್ವಯಿಸುವ ವಿಚ್ಛೇದನ ಕಾಯಿದೆಗೆ 2001ರ ತಿದ್ದುಪಡಿಯು ಕುಷ್ಠವನ್ನು ಒಂದು ಕಾರಣವಾಗಿ ಸೇರಿಸಿತು; ಸಂಸತ್ತು ಅದನ್ನು ತೆಗೆದುಹಾಕಿದ್ದು 2019ರಲ್ಲಿ. ಔಷಧವೇ ಇಲ್ಲದ ಹನ್ನೆರಡನೆಯ ಶತಮಾನದಲ್ಲಿ ಧರ್ಮಸಭೆ ಉಳಿಸಿದ ಬಂಧವನ್ನು, ಔಷಧವಿದ್ದ ಕಾಲದ ಕಾನೂನು ಕಡಿಯಲು ಬಿಟ್ಟಿತು.

ರೋಗಭಯವನ್ನು ಬೋಧನೆಯಿಂದ ಅಳಿಸಲಾಗದು. ಅಳಿಸಲೂಬಾರದು, ಅದು ದೇಹವನ್ನು ಕಾಯುತ್ತದೆ. ಆದರೆ ಯಾರು ಒಳಗೆ, ಯಾರು ಹೊರಗೆ ಎಂಬ ತೀರ್ಪನ್ನು ಅದರ ಕೈಗೊಪ್ಪಿಸಬಾರದು. ಧರ್ಮಕೇಂದ್ರದಲ್ಲಿ ಕ್ಷಯರೋಗಿಯ ಅಥವಾ ಎಚ್‌ಐವಿ ಸೋಂಕಿತರ ಮನೆಗೆ ಯಾರೂ ಕಾಲಿಡದಿದ್ದಾಗ, ಗುರುಗಳಾದ ನಾವು ಮೊದಲು ವೈದ್ಯರನ್ನು ಕೇಳಬೇಕು, ಅನಂತರ ಆ ಮನೆಯ ಹೊಸ್ತಿಲು ದಾಟಬೇಕು. ನಮ್ಮನ್ನು ನೋಡಿಯೇ ಉಳಿದವರೂ ದಾಟುವರು.