ತಂತ್ರಾಂಶದ ಒಡೆತನ: ಒಂದು ಚಾರಿತ್ರಿಕ ವಿಚಾರ

ನಮ್ಮ ಅಂಗಡಿಯಲ್ಲಿ ಅಜ್ಜನವರ ಕಾಲದ ಕಿರ್ದಿ ಪುಸ್ತಕಗಳು ಇಂದಿಗೂ ಇವೆ. ಮಸಿ ಮಾಸಿದ್ದರೂ ಯಾವ ದಿನ ಯಾರಿಗೆ ಎಷ್ಟು ಸಂದಿತೆಂಬುದನ್ನು ಓದಬಹುದು. ಆದರೆ ನಾನೇ ಗಣಕಯಂತ್ರದಲ್ಲಿ ಬರೆಸಿದ ಒಂಬತ್ತು ವರ್ಷಗಳ ಲೆಕ್ಕವನ್ನು ಇಂದು ನಾನೇ ಓದಲಾರೆ. ಆ ತಂತ್ರಾಂಶವನ್ನು ಮಾರಿದವರು ವ್ಯವಹಾರ ಮುಚ್ಚಿದರು. ಹಳೆಯ ಯಂತ್ರ ಕೆಟ್ಟಿತು. ಹೊಸ ಯಂತ್ರಕ್ಕೆ ಪರವಾನಗಿ ಸಂಖ್ಯೆ ಕೊಡುವವರೇ ಇಲ್ಲವಾದರು. ಲೆಕ್ಕ ನಮ್ಮದು, ಹಣ ನಮ್ಮದು. ಕೀಲಿಕೈ ಮಾತ್ರ ಪರರದು. ಈ ಅನುಭವವೇ ತಂತ್ರಾಂಶದ ಒಡೆತನದ ಚರಿತ್ರೆಯನ್ನು ಅರಿಯುವಂತೆ ನನ್ನನ್ನು ಪ್ರೇರಿಸಿತು.

ಆದಿಯಲ್ಲಿ ತಂತ್ರಾಂಶವು ಮಾರಾಟದ ಸರಕಾಗಿರಲಿಲ್ಲ. 1960ರ ದಶಕದಲ್ಲಿ ದೊಡ್ಡ ಗಣಕಯಂತ್ರದೊಡನೆ ಅದರ ಕ್ರಮವಿಧಿಗಳೂ ಸಾಮಾನ್ಯವಾಗಿ ಪ್ರತ್ಯೇಕ ಬೆಲೆಯಿಲ್ಲದೆ ಬರುತ್ತಿದ್ದವು. 1969ರಲ್ಲಿ ಐಬಿಎಂ ಸಂಸ್ಥೆಯು ತಂತ್ರಾಂಶಕ್ಕೆ ಬೇರೆ ಬೆಲೆ ಕಟ್ಟುವುದಾಗಿ ಸಾರಿತು. 1976ರಲ್ಲಿ ತರುಣ ಬಿಲ್ ಗೇಟ್ಸ್ ಅವರು ಹವ್ಯಾಸಿಗಳಿಗೊಂದು ಬಹಿರಂಗ ಪತ್ರ ಬರೆದು, ತಮ್ಮ ಆಲ್ಟೇರ್ ಬೇಸಿಕ್ ತಂತ್ರಾಂಶವನ್ನು ಬಹುಮಂದಿ ಹಣ ಕೊಡದೆ ನಕಲು ಮಾಡಿಕೊಂಡಿದ್ದಾರೆಂದು ದೂರಿದರು. ಬಂದ ಆದಾಯವನ್ನು ದುಡಿದ ಅವಧಿಗೆ ಹಂಚಿದರೆ ಗಂಟೆಗೆ 2 ಡಾಲರಿನಷ್ಟೂ ಆಗದೆಂಬುದು ಅವರ ಲೆಕ್ಕ. ದುಡಿದವನಿಗೆ ಕೂಲಿ ಸಲ್ಲಬೇಕೆಂಬ ಈ ವಾದವನ್ನು ಯಾವ ವ್ಯಾಪಾರಿಯೂ ಅಲ್ಲಗಳೆಯಲಾರನು.

ಇದರ ಮತ್ತೊಂದು ಮುಖ ಎಂಐಟಿಯ ಪ್ರಯೋಗಾಲಯವೊಂದರಲ್ಲಿ ಕಾಣಿಸಿಕೊಂಡಿತು. 1980ರ ಸುಮಾರಿಗೆ ಅಲ್ಲಿಗೆ ಬಂದ ಹೊಸ ಮುದ್ರಣಯಂತ್ರದಲ್ಲಿ ಕಾಗದ ಸಿಕ್ಕಿಕೊಂಡರೆ ದೂರದಲ್ಲಿ ಕುಳಿತವರಿಗೆ ತಿಳಿಯುತ್ತಿರಲಿಲ್ಲ. ರಿಚರ್ಡ್ ಸ್ಟಾಲ್ಮನ್ ಎಂಬ ತಜ್ಞರು ತಾವೇ ದೋಷವನ್ನು ಸರಿಪಡಿಸಬಯಸಿದರು. ಆದರೆ ತಂತ್ರಾಂಶದ ಮೂಲಪಾಠ ಅವರಿಗೆ ದೊರೆಯಲಿಲ್ಲ. ಮೂಲಪಾಠವಿಲ್ಲದ ತಂತ್ರಾಂಶವೆಂದರೆ ಆಖೈರು ಶಿಲ್ಕನ್ನು ಮಾತ್ರ ಹೇಳಿ ಕಿರ್ದಿಯನ್ನು ತೋರಿಸದ ಗುಮಾಸ್ತನಂತೆ. ಅವನು ಪ್ರಾಮಾಣಿಕನೇ ಇರಬಹುದು. ಪರೀಕ್ಷಿಸುವ ಉಪಾಯ ಮಾತ್ರ ಯಜಮಾನನಿಗಿಲ್ಲ. 1983ರಲ್ಲಿ ಸ್ಟಾಲ್ಮನ್ ಅವರು ಗ್ನೂ ಯೋಜನೆಯನ್ನು ಘೋಷಿಸಿದರು. 1989ರಲ್ಲಿ ಹೊರಬಂದ ಅದರ ಸಾರ್ವಜನಿಕ ಪರವಾನಗಿಯ ನಿಯಮ ಸರಳವಾದುದು: ಬಳಸಿರಿ, ಓದಿರಿ, ತಿದ್ದಿರಿ, ಹಂಚಿರಿ, ಆದರೆ ತಿದ್ದಿದ್ದನ್ನು ಹಂಚುವಾಗ ಇದೇ ಹಕ್ಕುಗಳನ್ನು ಪಡೆದವರಿಗೂ ಕೊಡಿರಿ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ರಚಿಸಿದ ಲಿನಕ್ಸ್ ಮರುವರ್ಷವೇ ಈ ಪರವಾನಗಿಯಡಿ ಬಂದಿತು. 1998ರಲ್ಲಿ ‘ಓಪನ್ ಸೋರ್ಸ್’ ಎಂಬ ಹೆಸರು ರೂಢಿಗೆ ಬಂದಿತು. ಇಂದು ನಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ದೂರವಾಣಿಗಳ ತಳದಲ್ಲಿಯೂ ಲಿನಕ್ಸ್ ಇದೆ.

ಕನ್ನಡಿಗರಿಗೂ ಇದರಿಂದ ಪಾಠವುಂಟು. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ, ಬಹುಕಾಲ ನಮ್ಮ ಗ್ರಂಥಗಳು ಒಂದೊಂದು ತಂತ್ರಾಂಶದ ಸ್ವಂತ ಸಂಕೇತಕ್ರಮದಲ್ಲಿ ಜೋಡಣೆಯಾದವು. ಒಂದರಲ್ಲಿ ಜೋಡಿಸಿದ್ದನ್ನು ಇನ್ನೊಂದರಲ್ಲಿ ತೆರೆದರೆ ಅಕ್ಷರಗಳೇ ಕಲಸಿಹೋಗುತ್ತಿದ್ದವು. ಸರ್ವರಿಗೂ ಒಂದೇ ಬಹಿರಂಗ ಕ್ರಮವಿದ್ದರೆ ಮಾತ್ರ ಬರೆಹವು ಅದನ್ನು ಬರೆದ ಉಪಕರಣಕ್ಕಿಂತ ಹೆಚ್ಚು ಕಾಲ ಬಾಳುತ್ತದೆ.

ಹಾಗಾದರೆ ಸ್ವಾಮ್ಯದ ತಂತ್ರಾಂಶವು ಅಧರ್ಮವೇ? ಹಾಗೆಂದು ನಾನು ಭಾವಿಸಿಲ್ಲ. ಬೆಲೆ ಪಡೆದು ಮಾರುವುದು ನ್ಯಾಯವಾದ ವೃತ್ತಿ. ಅಧರ್ಮವಿರುವುದು ಕಳ್ಳನಕಲನ್ನು ಬಳಸುವುದರಲ್ಲಿ. 1984ರ ತಿದ್ದುಪಡಿಯಿಂದ ಭಾರತದ ಕೃತಿಸ್ವಾಮ್ಯ ಕಾಯಿದೆಯೂ ಗಣಕದ ಕ್ರಮವಿಧಿಯನ್ನು ಸಾಹಿತ್ಯಕೃತಿಯ ಸಾಲಿಗೆ ಸೇರಿಸಿದೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ತದಾಹೃತಾದಾನ, ಎಂದರೆ ಕದ್ದು ತಂದುದನ್ನು ಕೊಳ್ಳುವುದು, ಒಂದೆಂಬುದನ್ನು ಬಲ್ಲ ನಾವು, ಮೂರು ಕಾಸಿನ ಲಾಭಕ್ಕಾಗಿ ಅಂಥ ನಕಲನ್ನು ಯಂತ್ರದಲ್ಲಿ ಹಾಕಿಸಿಕೊಂಡು ‘ಎಲ್ಲರೂ ಮಾಡುತ್ತಾರೆ’ ಎನ್ನುವುದು ಶೋಭಿಸದು. ನಾನೂ ಒಂದು ಕಾಲಕ್ಕೆ ಹಾಗೆಂದವನೇ.

ಮುಕ್ತ ತಂತ್ರಾಂಶವನ್ನು ಬಳಸುವವರಿಗೂ ಒಂದು ಋಣವುಂಟು. 2014ರಲ್ಲಿ ಓಪನ್ ಎಸ್ಎಸ್ಎಲ್ ಎಂಬ ಮುಕ್ತ ತಂತ್ರಾಂಶದಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ಗಂಭೀರ ದೋಷ ಬೆಳಕಿಗೆ ಬಂದಿತು. ಅಂತರಜಾಲದ ಅಸಂಖ್ಯ ವ್ಯವಹಾರಗಳಿಗೆ ಅದು ಕಾವಲಾಗಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರಾದರೋ ಬೆರಳೆಣಿಕೆಯ ಮಂದಿ, ಅವರಿಗೆ ಬರುತ್ತಿದ್ದ ನೆರವು ಅತ್ಯಲ್ಪ. ಮೂಲಪಾಠ ತೆರೆದಿದ್ದ ಮಾತ್ರಕ್ಕೆ ಯಾರಾದರೂ ಅದನ್ನು ಓದಿಯೇ ಓದುತ್ತಾರೆಂಬ ಭರವಸೆಯಿಲ್ಲ. ಎಲ್ಲರೂ ನೀರು ಸೇದಿ ಯಾರೂ ಹೂಳು ತೆಗೆಯದ ಬಾವಿಯ ಗತಿ ಅದರದಾಗಿತ್ತು.

ಆದುದರಿಂದ ಬಸದಿಗಳ ಟ್ರಸ್ಟುಗಳ ವಿಶ್ವಸ್ತರಲ್ಲಿ ನನ್ನ ವಿನಂತಿ ಇಷ್ಟೆ. ತಂತ್ರಾಂಶ ಯಾವುದೇ ಇರಲಿ, ದಾನಿಗಳ ಪಟ್ಟಿಯನ್ನೂ ಜಮಾಖರ್ಚನ್ನೂ ಬೇರೆ ತಂತ್ರಾಂಶವೂ ಓದಬಲ್ಲ ರೂಪದಲ್ಲಿ ಹೊರತೆಗೆಯಲು ಬರುವುದೇ ಎಂದು ಕೊಳ್ಳುವ ಮೊದಲೇ ಕೇಳಿರಿ. ಪ್ರತಿವರ್ಷ ಲೆಕ್ಕ ಮುಗಿದೊಡನೆ ಅಂಥದೊಂದು ಪ್ರತಿಯನ್ನೂ ಕಾಗದದ ಪ್ರತಿಯನ್ನೂ ತೆಗೆದಿಡಿರಿ. ಬೆಲೆಯುಳ್ಳದ್ದಕ್ಕೆ ಬೆಲೆ ಕೊಡಿರಿ. ಮುಕ್ತವಾಗಿ ಬಂದುದಕ್ಕೆ ಯಥಾಶಕ್ತಿ ನೆರವು ಸಲ್ಲಿಸಿರಿ. ಆ ಲೆಕ್ಕ ನಮ್ಮದಲ್ಲ, ಸಮಾಜದ್ದು. ಮೊಮ್ಮಕ್ಕಳು ಕೇಳಿದಾಗ ಪುಸ್ತಕ ತೆರೆದು ತೋರಿಸುವಂತಿರಬೇಕು.