ಸಂಚಾರಿ ಮನೆಗೆ ಉಪಗ್ರಹ ಟಿವಿ: ಡಿಶ್ ತಿರುಗಿಸುವ ಲೆಕ್ಕಾಚಾರ

ಮನೆಯ ಮಾಳಿಗೆಯ ಮೇಲೆ ಒಮ್ಮೆ ಬಿಗಿದ ಡಿಶ್ ಆಂಟೆನಾವನ್ನು ಮತ್ತೆ ಮುಟ್ಟುವ ಪ್ರಮೇಯ ಅಪರೂಪ. ಆದರೆ ಅಮೆರಿಕದಲ್ಲಿ ‘ಆರ್‌ವಿ’ ಎಂದು ಕರೆಯಲಾಗುವ ಸಂಚಾರಿ ಮನೆಗಳಲ್ಲಿ ಊರೂರು ಸುತ್ತುವವರಿಗೆ ಈ ಅನುಕೂಲವಿಲ್ಲ. ವಾಹನ ತಂಗುವ ತಾಣ ಬದಲಾದಂತೆ ಡಿಶ್ ನೋಡಬೇಕಾದ ದಿಕ್ಕೂ ಬದಲಾಗುತ್ತದೆ.

ಟಿವಿ ಉಪಗ್ರಹಗಳು ಸಮಭಾಜಕ ವೃತ್ತದ ನೇರಕ್ಕೆ 35,786 ಕಿ.ಮೀ. ಎತ್ತರದಲ್ಲಿ, ಭೂಮಿಯ ವೇಗಕ್ಕೆ ಸರಿಯಾಗಿ ಸುತ್ತುತ್ತವೆ. ಹೀಗಾಗಿ ನೆಲದಿಂದ ನೋಡುವವರಿಗೆ ಅವು ಒಂದೇ ಕಡೆ ನಿಂತಂತಿರುತ್ತವೆ. ಆ ದೂರದಲ್ಲಿ ಒಂದು ಡಿಗ್ರಿಯ ತಪ್ಪು 600 ಕಿ.ಮೀ.ಗೂ ಹೆಚ್ಚಿನ ಅಂತರವಾಗುತ್ತದೆ.

ಎರಡು ಕೋನಗಳು

ಡಿಶ್ ದಿಗಂತದಿಂದ ಎಷ್ಟು ಮೇಲಕ್ಕೆ ನೋಡಬೇಕು ಎಂಬುದು ಏರುಕೋನ. ಉತ್ತರದಿಂದ ಬಲಕ್ಕೆ ಎಷ್ಟು ತಿರುಗಬೇಕು ಎಂಬುದು ದಿಕ್ಕೋನ. 119 ಡಿಗ್ರಿ ಪಶ್ಚಿಮ ರೇಖಾಂಶದ ಉಪಗ್ರಹವನ್ನೇ ತೆಗೆದುಕೊಳ್ಳೋಣ. ಸಿಯಾಟಲ್‌ನಲ್ಲಿ ಇದರ ಏರುಕೋನ ಸುಮಾರು 35 ಡಿಗ್ರಿ, ದಿಕ್ಕೋನ 175. ಫೀನಿಕ್ಸ್‌ನಲ್ಲಿ ಇವು ಕ್ರಮವಾಗಿ 50 ಮತ್ತು 192. ಹೋಲಿಕೆಗೆ, 93.5 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್-15ರ ಮೂಲಕ ಬರುವ ಡಿಡಿ ಫ್ರೀ ಡಿಶ್‌ಗಾಗಿ ಬೆಂಗಳೂರಿನ ಡಿಶ್ ಆಗ್ನೇಯಕ್ಕೆ ತಿರುಗಿ ಸುಮಾರು 66 ಡಿಗ್ರಿ ಮೇಲಕ್ಕೆ ನೋಡಬೇಕು.

ದಿಕ್ಸೂಚಿ ಬಳಸುವವರು ಇನ್ನೊಂದು ಅಂಶವನ್ನು ಮರೆಯಬಾರದು. ಮುಳ್ಳು ತೋರುವುದು ಕಾಂತೀಯ ಉತ್ತರವನ್ನು. ಬೆಂಗಳೂರಿನಲ್ಲಿ ನೈಜ ಉತ್ತರಕ್ಕೂ ಅದಕ್ಕೂ ಇರುವ ವ್ಯತ್ಯಾಸ ಒಂದೆರಡು ಡಿಗ್ರಿ. ಸಿಯಾಟಲ್‌ನಲ್ಲಿ ಮುಳ್ಳು ಸುಮಾರು 15 ಡಿಗ್ರಿ ಪೂರ್ವಕ್ಕೆ ವಾಲುತ್ತದೆ. ಆದ್ದರಿಂದ ಅಲ್ಲಿ ದಿಕ್ಸೂಚಿಯಲ್ಲಿ 175ರ ಬದಲು 160ನ್ನು ನೋಡಬೇಕು.

ಜೋಡಿಸುವ ಕ್ರಮ

ಮೊದಲ ಕೆಲಸ ಮುಕ್ಕಾಲಿಯ ಕಂಬವನ್ನು ನೆಟ್ಟಗೆ ನಿಲ್ಲಿಸುವುದು. ಕಂಬ ವಾಲಿದ್ದರೆ ಡಿಶ್‌ನ ಹಿಂಬದಿಯ ಅಳತೆಪಟ್ಟಿಯ ಅಂಕಿಗಳೆಲ್ಲ ಸುಳ್ಳಾಗುತ್ತವೆ. ಗಂಟೆಗಟ್ಟಲೆ ತಿರುಗಿಸಿದರೂ ಸಂಕೇತ ಸಿಗದಿರುವುದಕ್ಕೆ ಅನೇಕ ಬಾರಿ ಇದೇ ಕಾರಣ. ರಸಮಟ್ಟವಿಟ್ಟು ಎರಡು ಬದಿಯಿಂದ ಪರೀಕ್ಷಿಸಿ, ಗಾಳಿಗೆ ಉರುಳದಂತೆ ಮರಳಿನ ಚೀಲವನ್ನೋ ನೀರಿನ ಕ್ಯಾನನ್ನೋ ಕಟ್ಟುವುದು ಲೇಸು. ತಲೆಯ ಮೇಲೆ ವಿದ್ಯುತ್ ತಂತಿ ಹಾದುಹೋಗಿರುವ ಜಾಗವನ್ನು ಬಿಟ್ಟುಬಿಡಬೇಕು.

ಬಳಿಕ ಏರುಕೋನವನ್ನು ಬಿಗಿದು, ಡಿಶ್ಶನ್ನು ಅಕ್ಕಪಕ್ಕಕ್ಕೆ ಮಾತ್ರ ನಿಧಾನವಾಗಿ ತಿರುಗಿಸಬೇಕು. ಸೆಟ್‌ಟಾಪ್ ಬಾಕ್ಸ್ ಸಂಕೇತವನ್ನು ಗುರುತಿಸಲು ಕೆಲವು ಸೆಕೆಂಡು ಬೇಕಾಗುವುದರಿಂದ ಒಂದೊಂದು ಡಿಗ್ರಿಗೂ ನಿಂತು ಕಾಯಬೇಕು. ಸಂಕೇತ ಬಲವಾಗಿದ್ದೂ ಚಿತ್ರ ಬಾರದಿದ್ದರೆ ಡಿಶ್ ಪಕ್ಕದ ಉಪಗ್ರಹವನ್ನು ಹಿಡಿದಿರುವ ಸಾಧ್ಯತೆಯುಂಟು.

ಮರದ ಅಡ್ಡಿ

ಉಪಗ್ರಹದ ಸಂಕೇತ ಎಲೆಗಳನ್ನು ದಾಟಿ ಬರಲಾರದು. ಏರುಕೋನ 35 ಡಿಗ್ರಿ ಇರುವಲ್ಲಿ, ಡಿಶ್‌ಗಿಂತ 10 ಮೀಟರ್ ಎತ್ತರದ ಮರ ಕನಿಷ್ಠ 15 ಮೀಟರ್ ದೂರದಲ್ಲಿರಬೇಕು. 50 ಡಿಗ್ರಿ ಇರುವಲ್ಲಿ 9 ಮೀಟರ್ ಸಾಕು. ವಾಹನವನ್ನು ನೆರಳಿನಲ್ಲಿ ನಿಲ್ಲಿಸಿ ಡಿಶ್ಶನ್ನು ಮಾತ್ರ ಬಯಲಿಗೆ ಒಯ್ಯಬಹುದೆಂಬುದೇ ಮುಕ್ಕಾಲಿಯ ದೊಡ್ಡ ಲಾಭ.

ನೆಚ್ಚಿಕೊಳ್ಳುವಂತಿಲ್ಲ

ದೂರದ ತಾಣಗಳಲ್ಲಿ ಮೊಬೈಲ್ ಸಂಪರ್ಕವಿಲ್ಲದಾಗ ಹವಾಮಾನದ ಮುನ್ನೆಚ್ಚರಿಕೆಗೆ ಟಿವಿಯನ್ನೇ ನಂಬುವವರಿದ್ದಾರೆ. ಇದರಲ್ಲಿ ಅಪಾಯವಿದೆ. ಸ್ಥಳೀಯ ವಾಹಿನಿಗಳನ್ನು ಉಪಗ್ರಹವು ಸೀಮಿತ ಪ್ರದೇಶಕ್ಕಷ್ಟೇ ಬಿತ್ತರಿಸುತ್ತದೆ. ಚಂದಾದಾರರು ಸೇವಾ ವಿಳಾಸವನ್ನು ಬದಲಿಸದಿದ್ದರೆ ತಂಗಿರುವ ಊರಿನ ಸುದ್ದಿ ಕಾಣುವುದಿಲ್ಲ. ಮೇಲಾಗಿ ಬಿರುಮಳೆ ಸುರಿದಾಗ ಮಳೆಹನಿಗಳೇ ಸಂಕೇತವನ್ನು ಹೀರಿಕೊಂಡು ಚಿತ್ರ ನಿಂತುಹೋಗುತ್ತದೆ. ಎಚ್ಚರಿಕೆ ಅತ್ಯಗತ್ಯವಾಗಿರುವ ಹೊತ್ತಿನಲ್ಲೇ ಪರದೆ ಕಪ್ಪಾಗುತ್ತದೆ. ಅಮೆರಿಕದ ಸರ್ಕಾರಿ ಸಂಸ್ಥೆ ನೋವಾ ನಡೆಸುವ ಹವಾಮಾನ ರೇಡಿಯೊವನ್ನು ಕೇಳಲು ಬ್ಯಾಟರಿಚಾಲಿತ ರೇಡಿಯೊ ಒಂದು ವಾಹನದಲ್ಲಿರಲೇಬೇಕು. ಡಿಶ್ ಎಷ್ಟೇ ಕರಾರುವಾಕ್ಕಾಗಿ ಕೂತಿದ್ದರೂ ಅದಕ್ಕೆ ಬದಲಿಯಾಗದು.